ಬೆಳಕು ಕೈಮೇಲೆ ಬೀಳಬೇಕು

(ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡಿನ ಕಡೆ ಒಂದು ಚಿರೆಕಲ್ಲಿನ ಮನೆ. ಆಷಾಢದ ಸಂಜೆ, ಮಳೆ ಬಿಟ್ಟಿಲ್ಲ. ಅಡುಗೆಮನೆಯಲ್ಲಿ ಕಪ್ಪು ಗ್ರಾನೈಟಿನ ಕಟ್ಟೆ ಕೂತಿದೆ; ಗೋಡೆಗೆ ಗಿಲಾಯಿ, ಟೈಲ್ಸ್ ಎರಡೂ ಬಾಕಿ. ಮಾತಾಡುತ್ತಿರುವವರು ಇಬ್ಬರು: ಶಾಲೆಯಿಂದ ನಿವೃತ್ತರಾದ ಅಕ್ಕೋರು ಮತ್ತು ಕುಮಟೆಯಿಂದ ಬಂದ ವೈರ್‌ಮನ್.)

— ಬಾ ತಮಾ, ಒಳಗೆ ಬಾ. ಛತ್ರಿ ಜಗಲಿಯಲ್ಲೇ ಇಡು. ಗಂಟೆ ಐದೂವರೆ ಅಷ್ಟೇ, ದೀಪ ಹಾಕದೆ ಒಳಗೆ ಕಾಲಿಡುವ ಹಾಗಿಲ್ಲ ನೋಡು.

— ಈಗಲೇ ಹಾಕಬೇಡಿ ಅಕ್ಕೋರೇ. ಒಂದು ನಿಮಿಷ ಹೀಗೇ ಇರಲಿ, ಕತ್ತಲೆ ಎಲ್ಲೆಲ್ಲಿ ಕೂತಿದೆ ಅಂತ ನೋಡಿಕೊಳ್ತೇನೆ. ಕಿಟಕಿ ಒಂದೇ. ಅದೂ ಪಡುವಣಕ್ಕೆ, ಮಳೆ ಹೊಡೆಯುವ ಕಡೆ. ಹೊರಗೆ ಹಲಸಿನ ಮರ. ಮೊದಲು ಮಾಡಿಗೆ ಗಾಜಿನ ಹೆಂಚು ಇತ್ತಾ?

— ಎರಡು ಇದ್ದವು. ಒಲೆಯ ಮೇಲೆ ಒಂದು, ಅರೆಯುವ ಕಲ್ಲಿನ ಮೇಲೆ ಒಂದು. ನಮ್ಮ ಮಾವನವರು ನಿಂತು ಹಾಕಿಸಿದ್ದಂತೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಕೈಯಾಡಿಸುವಾಗ ಆ ಗಾಜನ್ನೂ ಬೂದಿ ಹಾಕಿ ತಿಕ್ಕಿಸ್ತಿದ್ದರು, ಹೊಗೆ ಹತ್ತಿ ಕಪ್ಪಾಗ್ತಿತ್ತಲ್ಲ. ಈ ಭಾಗಕ್ಕೆ ಸ್ಲ್ಯಾಬ್ ಹಾಕಿದಾಗ ಎರಡೂ ಹೋದವು.

— ಹಳಬರ ಲೆಕ್ಕ ಸರಿಯಿತ್ತು. ಅವರು ಗಾಜಿನ ಹೆಂಚನ್ನು ಕೋಣೆಯ ನಡುಮಧ್ಯಕ್ಕೆ ಹಾಕಲಿಲ್ಲ, ಕೆಲಸ ನಡೆಯುವಲ್ಲಿ ಹಾಕಿದರು. ಸ್ಲ್ಯಾಬ್ ಬಂದ ಮೇಲೆ ನಾವು ವೈರ್‌ಮನ್‌ಗಳು ಎರಡು ಮೂಲೆಯಿಂದ ಎರಡು ದಾರ ಎಳೆದು, ಅವು ಕೂಡುವಲ್ಲಿ ಒಂದು ಪಾಯಿಂಟ್ ಕೊಟ್ಟು ಕೆಲಸ ಮುಗಿಸಿದೆವು. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ. ಯಾವ ಮನೆಯ ಹೆಂಗಸರೂ ಅದು ತಪ್ಪು ಅನ್ನಲಿಲ್ಲ, ಯಾಕೆಂದರೆ ನಾವು ಅವರನ್ನು ಕೇಳಲೇ ಇಲ್ಲ.

— ಕೇಳಿದ್ದರೆ ನಾನು ಹೇಳ್ತಿದ್ದೆ. ಮೂವತ್ತು ವರ್ಷ ನನ್ನ ನೆರಳಿನ ಮೇಲೇ ಈರುಳ್ಳಿ ಹೆಚ್ಚಿದ್ದೇನೆ.

— ಅದನ್ನೇ ಈಗ ಪರೀಕ್ಷೆ ಮಾಡುವ. ಈಗ ದೀಪ ಹಾಕಿ. ಈ ಬಿಳಿ ಕಾಗದವನ್ನು ಕಟ್ಟೆಯ ಮೇಲೆ ಇಡಿ, ಚೂರಿ ಹಿಡಿದು ಹೆಚ್ಚುವ ಹಾಗೆ ನಿಂತುಕೊಳ್ಳಿ. ಏನು ಕಾಣ್ತದೆ?

— ಕಾಗದದ ಮೇಲೆ ನನ್ನ ತಲೆ, ಹೆಗಲು. ಬೆರಳಿನ ತುದಿ ಎಲ್ಲಿ ಮುಗೀತದೆ, ಚೂರಿ ಎಲ್ಲಿ ಶುರುವಾಗ್ತದೆ ಅಂತ ಸಮ ಗೊತ್ತಾಗುವುದಿಲ್ಲ.

— ಈಗ ನೋಡಿ, ನನ್ನ ಹತ್ತಿರ ಒಂದು ಹೋಲ್ಡರ್, ಉದ್ದ ವೈರ್ ಉಂಟು. ಇದಕ್ಕೆ 9 ವಾಟಿನ ಸಾದಾ ಎಲ್‌ಇಡಿ ಬಲ್ಬು ಹಾಕಿದೆ. ನಡುವಿನ ದೀಪ ಆರಿಸಿ. ಇದನ್ನು ನಿಮ್ಮ ಮುಂದೆ, ಮೇಲಿನ ಕಪಾಟಿನ ತಳ ಬರುವ ಎತ್ತರಕ್ಕೆ ಹಿಡೀತೇನೆ. ಕಣ್ಣಿಗೆ ಹೊಡೆಯದ ಹಾಗೆ ಈ ರಟ್ಟು ಅಡ್ಡ ಇರಲಿ.

— ಅಯ್ಯೋ. ಕಾಗದದ ಅಂಚಿನ ಗೀರು ಕೂಡ ಕಾಣ್ತದಲ್ಲ! ನೆರಳು ನನ್ನ ಹೊಟ್ಟೆ ಕಡೆ ಬಿತ್ತು.

— ನಡುವಿನದೂ ಇಂಥದ್ದೇ ಬಲ್ಬು, ಇಷ್ಟೇ ವಾಟ್. ಬದಲಾದದ್ದು ಜಾಗ ಒಂದೇ. ಬೆನ್ನ ಹಿಂದೆ ಇದ್ದದ್ದು ಎದುರಿಗೆ ಬಂತು, ಏಳು ಅಡಿ ಮೇಲೆ ಇದ್ದದ್ದು ಎರಡು ಅಡಿಗೆ ಇಳಿಯಿತು.

— ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳೀತದೆ ಅಂತ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನನ್ನ ಅಡುಗೆಮನೆಗೆ ಆ ಪಾಠ ಬರಲೇ ಇಲ್ಲ ನೋಡು.

— ಅಡುಗೆಮನೆಗೆ ಬೆಳಕು ಬಂದದ್ದೇ ಎಲ್ಲಕ್ಕಿಂತ ಕೊನೆಗೆ, ಅಕ್ಕೋರೇ.

— ಅದು ನಿಜ. ನನ್ನ ತವರು ಗೇರುಸೊಪ್ಪೆ ಹಾದಿಯಲ್ಲಿ. ಜೋಗದಲ್ಲಿ 1948ರಲ್ಲೇ ಶರಾವತಿಯಿಂದ ಕರೆಂಟು ತೆಗೆದರು. ನಾನು ಹುಟ್ಟಿದ್ದು ಅದಾಗಿ ಹತ್ತು ವರ್ಷದ ಮೇಲೆ. ಆದರೂ ಹತ್ತನೇ ತರಗತಿಯವರೆಗೆ ನಾನು ಓದಿದ್ದು ಚಿಮಣಿ ಬುಡ್ಡಿಯಲ್ಲಿ. ಅದೇ ಹೊಳೆ ನಮ್ಮ ಮನೆಯ ಕೆಳಗೆ ಹರೀತಿತ್ತು. ಆಮೇಲೆ ಕರೆಂಟು ಬಂತು, ಬಲ್ಬು ಬಂದದ್ದು ಜಗಲಿಗೆ. ಬಂದವರಿಗೆ ಕಾಣಬೇಕಲ್ಲ. ನಮ್ಮ ಆಯಿ ಒಳಗೆ ಚಿಮಣಿಯಲ್ಲೇ ಅಕ್ಕಿ ಆರಿಸ್ತಿದ್ದಳು. ನೆರೆಮನೆಗೆ ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದೇ ಒಂದು ಬಲ್ಬು ಸಿಕ್ಕಿತ್ತು, 40 ವಾಟಿನದು. ಅವರು ಜಗಲಿಗೂ ಒಳಗೂ ನಡುವಿನ ಗೋಡೆಯಲ್ಲಿ ಒಂದು ಕಲ್ಲು ಕಿತ್ತು, ಆ ಕಿಂಡಿಯಲ್ಲಿ ಬಲ್ಬು ತೂಗಿಸಿದರು, ಎರಡು ಕಡೆಗೂ ಬೀಳಲಿ ಅಂತ. ಆ ಮನೆಯ ಯಜಮಾನನಿಗೆ ಇದ್ದ ಬುದ್ಧಿ ದೊಡ್ಡ ದೊಡ್ಡ ಮನೆ ಕಟ್ಟಿದವರಿಗೆ ಇರಲಿಲ್ಲ ಅಂತ ನನಗೆ ಈಗಲೂ ಅನ್ನಿಸ್ತದೆ.

— ಈಗಲೂ ಹಾಗೇ ಅಕ್ಕೋರೇ. ಹಾಲಿಗೆ ಫಾಲ್ಸ್ ಸೀಲಿಂಗು, ಅದರೊಳಗೆ ಇಪ್ಪತ್ತು ದೀಪ. ಅಡುಗೆಮನೆಗೆ ಒಂದು ಟ್ಯೂಬು. ಹಾಲಿನಲ್ಲಿ ಟಿವಿ ಹಾಕಿ ದೀಪ ಆರಿಸ್ತಾರೆ. ಮೂರು ಹೊತ್ತು ಕಣ್ಣಿಗೆ ಕೆಲಸ ಇರುವ ಜಾಗ ಇದು.

— ಒಂದು ಮಾತು. ಮಗಳು ಬೆಂಗಳೂರಿನಿಂದ ಫೋನ್ ಮಾಡಿ, ಚಿಮಣಿ ಹಾಕಿಸುವುದು ಮರೆಯಬೇಡ ಅಂದಳು. ನನಗೆ ಕ್ಷಣ ಅರ್ಥವೇ ಆಗಲಿಲ್ಲ. ನಮಗೆ ಚಿಮಣಿ ಅಂದರೆ ದೀಪ, ಅದಕ್ಕೆ ಹಾಕುವುದು ಚಿಮಣಿ ಎಣ್ಣೆ. ಅವಳಿಗೆ ಅದು ಹೊಗೆ ಎಳೆಯುವ ಪೆಟ್ಟಿಗೆ.

— ಆ ಪೆಟ್ಟಿಗೆಯಲ್ಲೂ ಸಣ್ಣ ದೀಪ ಇರ್ತದೆ, ಒಲೆಯ ಮೇಲಿನ ಬೆಳಕಿಗೆ ಅದು ಸಾಕು. ಆದರೆ ಆರು ತಿಂಗಳು ಒರೆಸದಿದ್ದರೆ ಎಣ್ಣೆ ಜಿಡ್ಡು ಕೂತು ಬೆಳಕು ಮಂಕಾಗ್ತದೆ, ನಿಮ್ಮ ಮಾವನವರ ಗಾಜಿನ ಹೆಂಚಿನ ಹಾಗೆ. ಈಗ ಕಟ್ಟೆಯ ವಿಷಯ. ಮೇಲಿನ ಕಪಾಟಿನ ತಳಕ್ಕೆ ಉದ್ದಕ್ಕೂ ಎಲ್‌ಇಡಿ ಪಟ್ಟಿ ಹಾಕುವ. ಬಡಗಿಗೆ ಹೇಳಿ, ಕಪಾಟಿನ ಮುಂದಿನ ಅಂಚಿನಲ್ಲಿ ಒಂದೂವರೆ ಇಂಚಿನ ಪಟ್ಟಿ ಕೆಳಗೆ ಇಳಿಬಿಡಲಿಕ್ಕೆ. ದೀಪ ಅದರ ಹಿಂದೆ ಅಡಗಬೇಕು, ನಿಮ್ಮ ಕಣ್ಣಿಗೆ ಕಾಣಬಾರದು. ತುಂಬ ಜನ ಅದನ್ನು ಹಿಂದೆ, ಗೋಡೆಗೆ ತಾಗಿಸಿ ಹಾಕಿಸ್ತಾರೆ. ಆಗ ಟೈಲ್ಸ್ ಹೊಳೀತದೆ, ಫೋಟೋ ಚೆನ್ನಾಗಿ ಬರ್ತದೆ, ಬೆಂಡೆಕಾಯಿ ಮಾತ್ರ ಕತ್ತಲೆಯಲ್ಲಿ. ನಾವು ಮುಂದಿನ ಅಂಚಿಗೇ ಹಾಕುವ, ಸ್ವಲ್ಪ ಒಳಮುಖ ಮಾಡಿ.

— ಪಟ್ಟಿ ಅಂದರೆ ಹಬ್ಬಕ್ಕೆ ಅಂಟಿಸುವ ದೀಪದ ರಿಬ್ಬನ್ ಅಲ್ಲವಲ್ಲ?

— ಅದೇ ಜಾತಿ, ಆದರೆ ಹಾಗೆ ಬರಿದೇ ಅಂಟಿಸಬಾರದು. ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಕೂರಬೇಕು, ಬಿಸಿ ಅದಕ್ಕೆ ಹೋಗಬೇಕು. ಇಲ್ಲದಿದ್ದರೆ ಅಂಟು ಬಿಟ್ಟು ಜೋತು ಬೀಳ್ತದೆ, ದೀಪದ ಆಯುಸ್ಸೂ ಕಡಿಮೆ. ಮೇಲೆ ಹಾಲುಬಣ್ಣದ ಮುಚ್ಚಳ ಬೇಕೇ ಬೇಕು. ನಿಮ್ಮದು ಕನ್ನಡಿಯಂಥ ಕಪ್ಪು ಗ್ರಾನೈಟ್. ಮುಚ್ಚಳ ಇಲ್ಲದಿದ್ದರೆ ಒಂದೊಂದು ಎಲ್‌ಇಡಿಯೂ ಅದರಲ್ಲಿ ಚುಕ್ಕೆ ಚುಕ್ಕೆ ಹೊಳೆದು ಕಣ್ಣಿಗೆ ಚುಚ್ಚುತ್ತದೆ.

— ಕಪ್ಪು ಕಲ್ಲು ತಪ್ಪಾಯಿತೇನೋ.

— ಅರಿಶಿನ ಕಲೆ ಕಾಣುವುದಿಲ್ಲ ಅಂತ ಕರಾವಳಿಯ ಎಷ್ಟೋ ಮನೆಯಲ್ಲಿ ಅದೇ ಹಾಕ್ತಾರೆ. ಕಪ್ಪು ಕಲ್ಲು ಬೆಳಕು ನುಂಗ್ತದೆ, ತಿರುಗಿ ಕೊಡುವುದು ಬಹಳ ಕಡಿಮೆ. ಅದಕ್ಕೆ ಗೋಡೆಯ ಟೈಲ್ಸು, ಮೇಲಿನ ಬಣ್ಣ ಎರಡನ್ನೂ ಬಿಳಿ ಅಥವಾ ಕೆನೆಬಣ್ಣ ಮಾಡಿ. ಬಿಳಿ ಗೋಡೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ವಾಪಸ್ ಕೊಡ್ತದೆ. ಕಾಸಿಲ್ಲದ ದೀಪ ಅದು.

— ಎಷ್ಟು ವಾಟ್ ಬೇಕು ಅಂತ ಅಂಗಡಿಯಲ್ಲಿ ಕೇಳ್ತಾರೆ. ಏನು ಹೇಳಲಿ?

— ವಾಟ್ ಕರೆಂಟು ತಿನ್ನುವ ಲೆಕ್ಕ, ಬೆಳಕಿನ ಲೆಕ್ಕ ಅಲ್ಲ. ಡಬ್ಬದ ಮೇಲೆ ಲ್ಯೂಮೆನ್ ಅಂತ ಬರೆದದ್ದನ್ನು ನೋಡಿ. ಹಳೆಯ 60 ವಾಟಿನ ಬಲ್ಬು ಕೊಡ್ತಿದ್ದದ್ದು ಸುಮಾರು 700 ಲ್ಯೂಮೆನ್. ಈಗಿನ 9 ವಾಟಿನ ಎಲ್‌ಇಡಿ 900ರ ಆಸುಪಾಸು ಕೊಡ್ತದೆ. ಆ ಬೆಳಕು ಒಂದು ಚದರ ಮೀಟರಿನ ಮೇಲೆ ಎಷ್ಟು ಬೀಳ್ತದೆ ಅನ್ನುವುದು ಲಕ್ಸ್. ಹೆಚ್ಚುವ ಕಟ್ಟೆಗೆ 300ರಿಂದ 500 ಲಕ್ಸ್, ಓಡಾಡುವ ನೆಲಕ್ಕೆ 100ರಿಂದ 150. ಈ ಫೋನಿನಲ್ಲಿ ಅಳೆಯಲಿಕ್ಕೆ ಆಗ್ತದೆ, ಪೂರ್ತಿ ಕರಾರುವಾಕ್ಕಾಗಿ ಅಲ್ಲ, ಅಂದಾಜಿಗೆ ಸಾಕು. ಆಗ ನೀವು ನಿಂತಾಗ ನಿಮ್ಮ ಕೈಯ ಹತ್ತಿರ ಇದ್ದದ್ದು 40. ಬಲ್ಬು ಎದುರಿಗೆ ಬಂದಾಗ 400 ದಾಟಿತು.

— ನನಗೆ ಅದೂ ಸಾಲದೇನೋ. ಕಳೆದ ವರ್ಷ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ.

— ಅದಕ್ಕೇ ನಾನು ಮನೆಗೆ ಬಂದ ಕೂಡಲೇ ಅಡುಗೆ ಮಾಡುವವರ ವಯಸ್ಸು ಕೇಳ್ತೇನೆ. ಕೆಲವರಿಗೆ ಬೇಜಾರಾಗ್ತದೆ. ಆದರೆ ಇಪ್ಪತ್ತರ ಕಣ್ಣಿನ ಒಳಗೆ ಹೋಗುವ ಬೆಳಕಿನಲ್ಲಿ ಅರವತ್ತರ ಕಣ್ಣಿಗೆ ಸಿಗುವುದು ಮೂರರಲ್ಲಿ ಒಂದು ಪಾಲಿನಷ್ಟೇ. ಪಾಪೆ ಸಣ್ಣದಾಗ್ತದೆ, ಮಸೂರ ಹಳದಿಯಾಗ್ತದೆ.

— ಹೌದು, ಅದು ಸರಿ. ಪೊರೆ ತೆಗೆದ ಕಣ್ಣಿನಲ್ಲಿ ನೋಡಿದರೆ ಸುಣ್ಣ ಸುಣ್ಣದ ಹಾಗೇ ಕಾಣ್ತದೆ, ಇನ್ನೊಂದರಲ್ಲಿ ಚಹಾ ಸೋಕಿದ ಹಾಗೆ. ಮಗಳ ಮನೆಯಲ್ಲಿ ನನಗೆ ಕತ್ತಲೆ ಅನ್ನಿಸಿದ್ದು ಅವಳಿಗೆ ಬೆಳಕೇ. ಅಮ್ಮ ಸುಮ್ಮನೆ ದೂರ್ತಾಳೆ ಅಂದುಕೊಂಡಿದ್ದಳು.

— ಹೆಚ್ಚು ಬೆಳಕು ಬೇಕು ಅಂದರೆ ಹೆಚ್ಚು ಹೊಳಪು ಬೇಕು ಅಂತ ಅಲ್ಲ, ಅಕ್ಕೋರೇ. ಪೊರೆ ಇರುವ ಕಣ್ಣಿಗೆ ಬರಿ ಬಲ್ಬು ನೇರ ಕಂಡರೆ ಮಂಜು ಕವಿದ ಹಾಗಾಗ್ತದೆ. ದೀಪ ಕಾಣಬಾರದು, ಕಟ್ಟೆ ಕಾಣಬೇಕು. ಅಂಚಿನಲ್ಲಿ ಪಟ್ಟಿ ಇಳಿಬಿಡಿ ಅಂದದ್ದು ಅದಕ್ಕೇ.

— ಬಣ್ಣ ಯಾವುದು ತರಲಿ? ಅಂಗಡಿಯವನು ಎಲ್ಲರಿಗೂ ಬೆಳ್ಳಗಿನದೇ ಕೊಡ್ತಾನೆ.

— ಆ ನೀಲಿ ಬಿಳುಪಿಗೆ 6500 ಕೆಲ್ವಿನ್ ಅಂತ ಬರೆದಿರ್ತದೆ. ಚಿಮಣಿ ಬುಡ್ಡಿಯ ಹಾಗೆ ಹಳದಿ ಇರುವುದು 2700, 3000. ಅಡುಗೆಮನೆಗೆ ನಡುವಿನದು, 4000, ನನ್ನ ಲೆಕ್ಕದಲ್ಲಿ ಒಳ್ಳೆಯದು. ಹೊನ್ನಾವರದಲ್ಲಿ ಕೆಲವು ಅಂಗಡಿಯಲ್ಲಿ ಹೇಳಿ ತರಿಸಬೇಕಾಗ್ತದೆ, ಎರಡು ದಿನ ಕಾದರೂ ಪರವಾಗಿಲ್ಲ. ಅದಕ್ಕಿಂತ ಮುಖ್ಯ ಇನ್ನೊಂದು ಉಂಟು: ಸಿಆರ್‌ಐ. ಬಣ್ಣವನ್ನು ಅದರ ನಿಜವಾದ ಬಣ್ಣದಲ್ಲಿ ತೋರಿಸುವ ಗುಣ. ಬಿಸಿಲನ್ನು 100 ಅಂತ ಇಟ್ಟರೆ ಅಗ್ಗದ ದೀಪಗಳು 70, 80ರಲ್ಲಿ ನಿಲ್ತವೆ. ಕಟ್ಟೆಯ ಪಟ್ಟಿಗೆ 90ರ ಮೇಲಿನದು ಕೇಳಿ ತನ್ನಿ.

— ಅದು ಅಡುಗೆಗೆ ಯಾಕೆ?

— ನೀವು ಬಂಗಡೆ ತಂದಾಗ ಮೊದಲು ಏನು ನೋಡ್ತೀರಿ?

— ಕಿವಿರು ಎತ್ತಿ ನೋಡ್ತೇನೆ. ಕೆಂಪಿದ್ದರೆ ತಾಜಾ, ಕಂದಿದ್ದರೆ ಹಳತು.

— ಅಗ್ಗದ ಎಲ್‌ಇಡಿ ಸೋಲುವುದೇ ಕೆಂಪಿನಲ್ಲಿ. ತಾಜಾ ಕಿವಿರೂ ಅದರ ಕೆಳಗೆ ಕಂದಿದ ಹಾಗೆ ಕಾಣ್ತದೆ. ಮುರುಗಲು ಹಾಕಿದ ಸಾರಿನ ಬಣ್ಣ, ಮಸಾಲೆ ಹುರಿದದ್ದು ಸಾಕೋ ಸೀದಿತೋ ಅನ್ನುವುದು, ಎಲ್ಲ ಕೆಂಪು ಕಂದು ಬಣ್ಣದ ವಿಷಯ.

— ಆಷಾಢದಲ್ಲಿ ಒಣಮೀನಿಗೆ ಬೂಷ್ಟು ಹಿಡಿದದ್ದು ಕಾಣದೆ ಒಮ್ಮೆ ಸಾರು ಮಾಡಿ ಚೆಲ್ಲಿದ್ದೇನೆ ತಮಾ. ವಯಸ್ಸಾಯಿತು ಅಂತ ಅಂದುಕೊಂಡೆ. ದೀಪದ ಮೇಲೆ ಸಂಶಯ ಬರಲೇ ಇಲ್ಲ.

— ಇನ್ನು ಸ್ವಿಚ್ಚಿನ ಮಾತು. ಭಟ್ಕಳದಲ್ಲಿ ಹೋದ ವರ್ಷ ಒಂದು ನವಾಯತರ ಮನೆಗೆ ಕೆಲಸ ಮಾಡಿದೆ. ಯಜಮಾನರು ದುಬೈನಲ್ಲಿ, ಅಲ್ಲಿಂದಲೇ ದೀಪ ಕಳಿಸಿದ್ದರು. ಅಲ್ಲಿಯ ಕರೆಂಟೂ ನಮ್ಮ ಹಾಗೇ 230 ವೋಲ್ಟಿನ ಆಸುಪಾಸು, 50 ಹರ್ಟ್ಸ್, ಹಾಗಾಗಿ ದೀಪಕ್ಕೆ ತೊಂದರೆ ಇಲ್ಲ. ಪ್ಲಗ್ಗಿನ ಚೌಕ ಪಿನ್ನು ಮಾತ್ರ ನಮ್ಮ ಸಾಕೆಟ್ಟಿಗೆ ಹೋಗುವುದಿಲ್ಲ, ಬದಲಿಸಿದೆ. ಆ ಮನೆಯ ಅಮ್ಮ ಒಂದು ಮಾತು ಹೇಳಿದರು: ರಂಜಾನಿನಲ್ಲಿ ಸಹ್ರಿಗೆ ನಾಲ್ಕು ಗಂಟೆಗೂ ಮೊದಲೇ ಒಲೆ ಹಚ್ಚಬೇಕು, ನಿದ್ದೆಗಣ್ಣಿಗೆ ಆ ಎಲ್ಲ ದೀಪ ಒಟ್ಟಿಗೆ ಹೊತ್ತಿದರೆ ತಲೆನೋವು, ಮಕ್ಕಳೂ ಎದ್ದು ಕೂರ್ತಾರೆ ಅಂತ. ಅವತ್ತಿನಿಂದ ನಾನು ಎಲ್ಲ ಮನೆಯಲ್ಲೂ ಮೂರು ಸ್ವಿಚ್ಚು ಬೇರೆ ಬೇರೆ ಇಡ್ತೇನೆ. ಮೇಲಿನದು ಒಂದು, ಕಟ್ಟೆಯದು ಒಂದು, ರಾತ್ರಿ ನೀರು ಕುಡಿಯಲಿಕ್ಕೆ ಬಂದರೆ ಸಾಕಾಗುವಷ್ಟು ಮಂದ ದೀಪ ಒಂದು. ಡಿಮ್ಮರ್ ಹಾಕಬಹುದು, ಆದರೆ ಎಲ್ಲ ಎಲ್‌ಇಡಿಗೂ ಅದು ಹೊಂದುವುದಿಲ್ಲ, ಮಿಣುಕುತ್ತದೆ. ಮೂರು ಸ್ವಿಚ್ಚು ಕೆಡುವುದಿಲ್ಲ.

— ಇದೆಲ್ಲ ನಿಂತು ಮಾಡುವ ಕೆಲಸದ ಮಾತಾಯಿತು. ನಾನು ಕಾಯಿ ತುರಿಯುವುದು ನೆಲದಲ್ಲಿ, ತುರಿಮಣೆ ಹಾಕಿಕೊಂಡು. ಮೀನು ಕೊಯ್ಯುವುದು ಹಿತ್ತಿಲ ಬಾಗಿಲ ಹೊರಗೆ, ಬಾವಿಕಟ್ಟೆಯ ಹತ್ತಿರ, ಮೆಟ್ಟುಗತ್ತಿಯಲ್ಲಿ. ಅಲ್ಲಿಗೆ ಏನು?

— ಇದನ್ನು ನೀವೇ ಕೇಳಿದ್ದು ಒಳ್ಳೆಯದಾಯಿತು. ಮಾಡ್ಯುಲರ್ ಕಿಚನ್ನಿನ ಪುಸ್ತಕಗಳಲ್ಲಿ ಈ ಎರಡು ಜಾಗ ಇರುವುದೇ ಇಲ್ಲ. ನಮ್ಮ ಕಡೆ ಅರ್ಧ ಅಡುಗೆ ಅಲ್ಲೇ ನಡೀತದೆ. ಎಲ್ಲಿ ಕೂತುಕೊಳ್ತೀರಿ, ಯಾವ ಕಡೆ ಮುಖ, ತೋರಿಸಿ. … ಹಾಗಾದರೆ ಚಾವಣಿಗೆ ಹಾಕಬೇಕೆಂದಿರುವ ಎರಡು ಪ್ಯಾನೆಲ್ ದೀಪಗಳಲ್ಲಿ ಒಂದನ್ನು ನಡುವಿನಿಂದ ಸರಿಸಿ ಇಲ್ಲಿ, ನಿಮ್ಮ ಮೊಣಕಾಲಿನ ಎದುರಿಗೆ ಬರುವ ಹಾಗೆ ಹಾಕ್ತೇನೆ. ಚಾವಣಿಯಲ್ಲಿ ಸೊಟ್ಟ ಕಾಣ್ತದೆ ಅಂತ ಯಾರಾದರೂ ಅನ್ನಬಹುದು.

— ಅನ್ನಲಿ. ಚಾವಣಿ ನೋಡುತ್ತಾ ಯಾರೂ ಕಾಯಿ ತುರಿಯುವುದಿಲ್ಲ.

— ಹಿತ್ತಿಲಿಗೆ ಗೋಡೆಗೆ ಹಾಕುವ ಮುಚ್ಚಿದ ದೀಪ, ಐಪಿ65 ಅಂತ ಬರೆದದ್ದು. ದೂಳೂ ಹೋಗುವುದಿಲ್ಲ, ಎರಚಲು ನೀರೂ ಹೋಗುವುದಿಲ್ಲ. ಅಲ್ಲಿ ಮಾತ್ರ 3000 ಕೆಲ್ವಿನ್ನಿನ ಹಳದಿ. ನೀಲಿ ಹೆಚ್ಚಿರುವ ಬೆಳಕಿಗೆ ಹಾತೆ, ಮಳೆಹುಳು ಮುತ್ತುವುದು ಜಾಸ್ತಿ, ಹುಳದ ಹಿಂದೆ ಕಪ್ಪೆ, ಕಪ್ಪೆಯ ಹಿಂದೆ ಹಾವು. ಸ್ವಿಚ್ಚು ಬಾಗಿಲ ಒಳಗೆ ಇರಲಿ, ಕಾಲು ಹೊರಗೆ ಇಡುವ ಮೊದಲೇ ಮೆಟ್ಟಿಲು ಕಾಣಬೇಕು.

— ಸಮುದ್ರದ ಗಾಳಿಗೆ ಏನೂ ಉಳಿಯುವುದಿಲ್ಲ ಇಲ್ಲಿ. ಹಳೆ ಟ್ಯೂಬಿನ ಪಟ್ಟಿ ತುಕ್ಕು ಹಿಡಿದು ಕೈಗೆ ಪುಡಿಯಾಗಿ ಬಂತು.

— ಅದಕ್ಕೇ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಮೈ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಎಲ್‌ಇಡಿಯಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ದೀಪ ಅಲ್ಲ, ಅದಕ್ಕೆ ಕರೆಂಟು ಹದ ಮಾಡಿ ಕೊಡುವ ಡ್ರೈವರ್. ಅದನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಟ್ಟರೆ ಕುಚ್ಚಲಕ್ಕಿ ಗಂಜಿಯ ಹಬೆ, ಬಿಸಿ ಎರಡೂ ತಾಗ್ತದೆ. ನಾನು ಈ ಮೂಲೆಯ ಕಪಾಟಿನ ಮೇಲೆ, ಕುರ್ಚಿ ಹತ್ತಿದರೆ ಕೈಗೆ ಸಿಗುವ ಹಾಗೆ ಇಡ್ತೇನೆ. ಪಟ್ಟಿ 24 ವೋಲ್ಟಿನದೇ ತನ್ನಿ. 12 ವೋಲ್ಟಿನದು ಉದ್ದ ಹೆಚ್ಚಾದರೆ ಕೊನೆಯಲ್ಲಿ ಮಂಕಾಗ್ತದೆ. ಮತ್ತೆ ಒದ್ದೆ ಕೈಯ ಜಾಗ ಇದು. ಬೋರ್ಡು ಸಿಂಕಿನಿಂದ ದೂರ ಇರಲಿ, ಅರ್ಥಿಂಗ್ ಹೊಸದಾಗಿ ಮಾಡಿಸಿ, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಲೇಬೇಕು. ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

— ಬಿಲ್ಲಿನ ಮಾತು ಹೇಳು. ಈಗ ನನ್ನ ಮನೆಗೆ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬರ್ತದೆ. ಹಳೆಯ ಸರಾಸರಿಗೆ ಶೇಕಡಾ 10 ಸೇರಿಸಿ ಮಿತಿ ಕಟ್ಟಿದ್ದಾರೆ. ಇಷ್ಟು ದೀಪ ಹಾಕಿದರೆ ಅದನ್ನು ದಾಟುತ್ತದೇನೋ ಅಂತ ಹೆದರಿಕೆ.

— ಲೆಕ್ಕ ಹಾಕಿ. ಅಡುಗೆಮನೆ 10 ಅಡಿಗೆ 12 ಅಡಿ. ಮೇಲೆ 15 ವಾಟಿನ ಎರಡು ಪ್ಯಾನೆಲ್, 30. ಕಟ್ಟೆಯ ಪಟ್ಟಿ ಎಂಟು ಅಡಿ, ಮೀಟರಿಗೆ 9 ವಾಟಿನ ಹಾಗೆ ಸುಮಾರು 22. ಒಟ್ಟು 52 ವಾಟ್. ದಿನಕ್ಕೆ ಐದು ಗಂಟೆ ಎಲ್ಲವೂ ಉರಿದರೂ ತಿಂಗಳಿಗೆ 8 ಯುನಿಟ್ ಆಗುವುದಿಲ್ಲ. ಹಿಂದೆ 100 ವಾಟಿನ ಒಂದೇ ಬಲ್ಬು ಅಷ್ಟೇ ಹೊತ್ತಿಗೆ 15 ಯುನಿಟ್ ತಿನ್ನುತ್ತಿತ್ತು. ನಡುವಿನ ಹಳೆ ದೀಪ ತೆಗೀತೇವಲ್ಲ, ಅದರದ್ದೂ ಕಳೆದರೆ ಹೆಚ್ಚಾಗುವುದು ಅಲ್ಪ. ಹಗಲಲ್ಲಿ ಹಾಕದಿದ್ದರೆ ಅದೂ ಇಲ್ಲ.

— ಹಗಲಲ್ಲಿ ಹಾಕದೆ ನಡೆಯುತ್ತದಾ ಇಲ್ಲಿ?

— ನಡೆಸಬಹುದು. ಹಲಸಿನ ಮರ ಕಡಿಯುವುದು ಬೇಡ, ಕಿಟಕಿಗೆ ಅಡ್ಡ ಬಂದ ಎರಡು ಕೊಂಬೆ ಸವರಿಸಿ ಸಾಕು. ಬಚ್ಚಲಿಗೆ ಹೋಗುವ ಓಣಿಗೆ ಇನ್ನೂ ಹೆಂಚಿನ ಮಾಡೇ ಉಂಟಲ್ಲ, ಅಲ್ಲಿ ಎರಡು ಗಾಜಿನ ಹೆಂಚು ಹಾಕಿಸಿ, ಈ ಬಾಗಿಲ ಮೇಲೆ ಒಂದು ಗಾಜಿನ ಕಿಂಡಿ ಇಡಿಸಿ. ಆಷಾಢದ ಮೋಡದಲ್ಲೂ ಹೊರಗೆ ಸಾವಿರಾರು ಲಕ್ಸ್ ಇರ್ತದೆ. ಅದರಲ್ಲಿ ನೂರಕ್ಕೆ ಎರಡು ಪಾಲು ಒಳಗೆ ಬಂದರೂ ಬೆಳಗಿನ ದೋಸೆಗೆ ಸ್ವಿಚ್ಚು ಒತ್ತಬೇಕಾಗಿಲ್ಲ.

— ನಮ್ಮ ಮಾವನವರ ಹೆಂಚು ಅಟ್ಟದಲ್ಲೇ ಇರಬೇಕು. ಒಡೆದಿಲ್ಲ.

— ಅದೇ ಆಗ್ತದೆ, ಹೆಂಚಿನ ಅಳತೆ ಬದಲಾಗಿಲ್ಲ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಅಂತ ಕಟ್ಟೆಯ ಪಟ್ಟಿ, ಹಿತ್ತಿಲ ದೀಪ ಎರಡನ್ನು ಮಾತ್ರ ಇನ್ವರ್ಟರಿಗೆ ಕೊಡ್ತೇನೆ. ಎಲ್ಲ ದೀಪವನ್ನೂ ಕೊಟ್ಟು ಬ್ಯಾಟರಿ ಖಾಲಿ ಮಾಡಿಕೊಳ್ಳುವುದಕ್ಕಿಂತ ಕೈಗೆ ಬೇಕಾದ ಎರಡು ದೀಪ ರಾತ್ರಿಯಿಡೀ ಉರಿಯುವುದು ಮೇಲು.

— ಪೆನ್ಸಿಲ್ ಕೊಡಲೇ? ಗುರುತು ಹಾಕಿಬಿಡು.

— ನಾನಲ್ಲ, ನೀವು ಹಾಕಿ. ಕಟ್ಟೆಯ ಎದುರು ನಿಂತು ಹೆಚ್ಚುವ ಹಾಗೆ ಕೈ ಇಡಿ, ಅದರ ನೇರಕ್ಕೆ ಗೋಡೆಯ ಮೇಲೆ ಒಂದು ಗೀಟು ಎಳೆಯಿರಿ. ಎಡಗಡೆ ಇನ್ನೊಂದು, ಮಿಕ್ಸರ್ ಇಡುವಲ್ಲಿ. ಒಲೆಯ ಹತ್ತಿರ ಒಂದು. ಇಷ್ಟೇ. ಸೋಮವಾರ ಬಂದು ಗೋಡೆ ಕೊರೆದು ಪೈಪ್ ಕೂರಿಸ್ತೇನೆ. ಗಿಲಾಯಿಯವರಿಗೆ, ಟೈಲ್ಸಿನವರಿಗೆ ಈಗಲೇ ಫೋನ್ ಮಾಡಿ, ಬುಧವಾರಕ್ಕೆ ಮೊದಲು ಬರಬೇಡಿ ಅಂತ ಹೇಳಿ. ಟೈಲ್ಸ್ ಕೂತ ಮೇಲೆ ಬೆಳಕಿನ ಜಾಗ ಬದಲಿಸಲಿಕ್ಕೆ ಆಗುವುದಿಲ್ಲ, ಅಕ್ಕೋರೇ.